ಒಂದು ಲೋಟ, ಒಂದು ಮಗ್ಗುಲು ರೆಕಾರ್ಡು

ಬೆಂಗಳೂರು, ಗೋವಾ, ಮುಂಬೈಗಳಲ್ಲಿ ಈಗ ‘ಲಿಸನಿಂಗ್ ಬಾರ್’ ಎಂಬ ಮಾತು ಓಡಾಡುತ್ತಿದೆ. ಒಳ್ಳೆಯ ಸೌಂಡ್ ಸಿಸ್ಟಮ್, ಗೋಡೆ ತುಂಬ ಎಲ್‌ಪಿ ರೆಕಾರ್ಡು, ಮಬ್ಬು ಬೆಳಕು, ಕೈಯಲ್ಲೊಂದು ಲೋಟ. ಬಂದವರು ಸಂಗೀತ ಕೇಳಲೆಂದೇ ಬಂದವರು ಎಂಬುದು ಲೆಕ್ಕ. ಇದರ ತವರು ಜಪಾನು. ಅಲ್ಲಿ ಇದಕ್ಕೆ ಕಿಸ್ಸಾ ಎನ್ನುತ್ತಾರೆ. ಟೋಕಿಯೋದ ಶಿಬುಯಾದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸುವ ‘ಲಯನ್’ ಎಂಬ ಕಾಫಿ ಅಂಗಡಿ ಶುರುವಾದದ್ದು 1926ರಲ್ಲಿ. ಯೊಕೊಹಾಮಾದ ಜಾಝ್ ಕಿಸ್ಸಾ ‘ಚಿಗುಸಾ’ 1933ರದು. ಆಗ ವಿದೇಶಿ ರೆಕಾರ್ಡು ಸಂಬಳದವರ ಕೈಗೆ ಎಟುಕುತ್ತಿರಲಿಲ್ಲ. ಮನೆಗಳು ಪುಟ್ಟವು, ಗೋಡೆಗಳು ತೆಳು, ಜೋರಾಗಿ ಹಾಕಿದರೆ ಪಕ್ಕದ ಮನೆಯವರು ಎದ್ದು ಬರುತ್ತಿದ್ದರು. ಹೀಗಾಗಿ ಒಂದು ಕಪ್ ಕಾಫಿಯ ಬೆಲೆಗೆ ದೊಡ್ಡ ಸ್ಪೀಕರಿನ ಎದುರು ಗಂಟೆಗಟ್ಟಲೆ ಕೂರಬಹುದಾದ ಜಾಗಗಳು ಹುಟ್ಟಿಕೊಂಡವು. ಪಿಯಾನೋ ವಾದಕಿ ತೊಶಿಕೊ ಅಕಿಯೋಶಿ, ಸ್ಯಾಕ್ಸೊಫೋನ್‌ನ ಸದಾವೊ ವತಾನಬೆ ಅವರಂಥವರು ಚಿಗುಸಾದಲ್ಲಿ ಕೂತು ರೆಕಾರ್ಡು ಕೇಳಿ ಕೇಳಿಯೇ ಜಾಝ್ ಕಲಿತರು. 1961ರಲ್ಲಿ ಅಮೆರಿಕದ ಡ್ರಮ್ ವಾದಕ ಆರ್ಟ್ ಬ್ಲೇಕಿ ತನ್ನ ತಂಡದೊಂದಿಗೆ ಜಪಾನಿಗೆ ಬಂದುಹೋದ ಮೇಲಂತೂ ಜಾಝಿನ ಹುಚ್ಚು ದೇಶಕ್ಕೇ ಹಿಡಿಯಿತು.

ಬಾರು, ಕೆಫೆ, ಮನೆಗಳಿಗೆ ಸೌಂಡ್ ಕೂರಿಸುವುದು ನನ್ನ ಕಸುಬು. ನಡುವೆ ಕೆಲವು ವರ್ಷ ಜಪಾನಿನಲ್ಲಿದ್ದು ಹಳೆಯ ಆಂಪ್ಲಿಫೈಯರು, ಟರ್ನ್‌ಟೇಬಲ್ ರಿಪೇರಿ ಮಾಡಿದೆ. ಸಂಜೆಯಾದರೆ ಕಿಸ್ಸಾಗಳಲ್ಲಿ ಕೂರುತ್ತಿದ್ದೆ. ಈಗ ಊರಿಗೆ ಬಂದ ಮೇಲೆ ‘ಅಂಥದ್ದೊಂದು ನಾವೂ ಮಾಡಬೇಕು ಸಾರ್’ ಎಂದು ಬರುವವರಿಗೆ ಹೇಳುವ ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ.

1. ದುಡ್ಡು ಮೊದಲು ಗೋಡೆಗೆ

ಹೊಸಬರು ಬಂದು ಮೊದಲು ಕೇಳುವುದು ಯಾವ ಸ್ಪೀಕರ್ ತರಬೇಕು ಎಂದು. ನಾನು ಜಾಗ ತೋರಿಸಿ ಎನ್ನುತ್ತೇನೆ. ಖಾಲಿ ಜಾಗದ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದರೆ ಸಾಕು, ಅರ್ಧ ವಿಷಯ ಗೊತ್ತಾಗುತ್ತದೆ. ನಮ್ಮೂರಿನ ಬಾಡಿಗೆ ಮಳಿಗೆಗಳದು ಒಂದೇ ಜಾತಕ: ಕೆಳಗೆ ಗ್ರಾನೈಟು, ಮೇಲೆ ಆರ್‌ಸಿಸಿ, ರಸ್ತೆ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ಚಪ್ಪಾಳೆ ತಟ್ಟಿದರೆ ಟರ್‌ರ್ ಎಂದು ಮರುದನಿ. ಇಂಥ ಕಡೆ ಹತ್ತು ಲಕ್ಷದ ಸ್ಪೀಕರ್ ಇಟ್ಟರೂ ಹಾಡುವವರ ಸಾಹಿತ್ಯ ಕೇಳುವುದಿಲ್ಲ. ಒಂದು ಅಕ್ಷರ ಮುಗಿಯುವ ಮುಂಚೆ ಹಿಂದಿನ ಅಕ್ಷರ ಗೋಡೆಗೆ ಬಡಿದು ವಾಪಸ್ಸು ಬಂದಿರುತ್ತದೆ.

ಮರುದನಿಗಾದರೂ ಮದ್ದಿದೆ. ಕೆಳಸ್ವರಗಳ ಕಾಟ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಡಬಲ್ ಬಾಸ್ ವಾದ್ಯದ ಅತ್ಯಂತ ದಪ್ಪ ತಂತಿ ಮೀಟಿದರೆ ಸುಮಾರು 41 ಹರ್ಟ್ಸ್. ಆ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಅಂದರೆ ಎಷ್ಟೋ ಮಳಿಗೆಗಳಿಗಿಂತ ಅಲೆಯೇ ಉದ್ದ. ಅದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಕೆಲವು ಕಡೆ ದಪ್ಪಗಾಗುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಒಂದೇ ಮೇಜಿನ ಈ ಕುರ್ಚಿಯಲ್ಲಿ ಕೂತವನಿಗೆ ಎದೆ ನಡುಗಿದರೆ ಆ ಕುರ್ಚಿಯವನಿಗೆ ಬಾಸ್ ಇದೆಯೆಂದೇ ಗೊತ್ತಾಗುವುದಿಲ್ಲ. ಚೌಕದ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಉದ್ದಕ್ಕೂ ಅಗಲಕ್ಕೂ ಒಂದೇ ಸ್ವರ ಗುಮ್ಮೆನ್ನುತ್ತದೆ. ಇಪ್ಪತ್ತಕ್ಕೆ ಇಪ್ಪತ್ತು ಅಡಿಯ ಮಳಿಗೆ ಕಡಿಮೆ ಬಾಡಿಗೆಗೆ ಸಿಕ್ಕಿತು ಎಂದು ಖುಷಿಪಟ್ಟು ಬಂದವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಅದು ಬಟ್ಟೆ ಅಂಗಡಿಗೆ ಚೆನ್ನ.

ಮೊಟ್ಟೆಯ ಟ್ರೇ ಅಂಟಿಸಿದರೆ ಸೌಂಡ್‌ಪ್ರೂಫ್ ಆಗುತ್ತದೆ ಎಂಬ ನಂಬಿಕೆ ಇನ್ನೂ ಬದುಕಿದೆ. ಅದರಿಂದ ಏನೂ ಆಗುವುದಿಲ್ಲ, ಜಿರಳೆ ಬರುತ್ತವೆ ಅಷ್ಟೆ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಮೇಲುಸ್ವರಗಳನ್ನು ಮಾತ್ರ ನುಂಗಿ ಕೆಳಸ್ವರಗಳನ್ನು ಹಾಗೇ ಬಿಡುತ್ತದೆ. ಕೋಣೆ ಕಂಬಳಿ ಹೊದ್ದ ಹಾಗಾಗುತ್ತದೆ. ಕೆಲಸಕ್ಕೆ ಬರುವುದು ದಪ್ಪ ರಾಕ್‌ವೂಲ್ ಹಲಗೆ. ನಾಲ್ಕಿಂಚಿಗೆ ಕಡಿಮೆ ಇಲ್ಲದ ಹಲಗೆಯನ್ನು ಬಟ್ಟೆ ಹೊದಿಸಿ, ಗೋಡೆಯಿಂದ ಸ್ವಲ್ಪ ಜಾಗ ಬಿಟ್ಟು, ಮೂಲೆಗಳಲ್ಲೂ ಸೂರಿನಲ್ಲೂ ಕೂರಿಸಬೇಕು. ಜೊತೆಗೆ ರೆಕಾರ್ಡಿನ ಕಪಾಟುಗಳು, ಪುಸ್ತಕ, ದಪ್ಪ ಪರದೆ, ಮೆತ್ತೆಯ ಕುರ್ಚಿ. ಜನರ ಮೈ, ಬಟ್ಟೆಯೂ ಶಬ್ದ ಹೀರುತ್ತವೆ. ಆದ್ದರಿಂದ ಖಾಲಿ ಬಾರಿನಲ್ಲಿ ಸೌಂಡ್ ಸರಿಮಾಡಿ ಮನೆಗೆ ಹೋಗಬಾರದು. ಶನಿವಾರ ರಾತ್ರಿ ತುಂಬಿದ ಬಾರಿನಲ್ಲಿ ಒಮ್ಮೆ, ಮಂಗಳವಾರ ನಾಲ್ಕೇ ಜನ ಇರುವಾಗ ಇನ್ನೊಮ್ಮೆ ಕೂತು ಕೇಳಬೇಕು.

ಖರ್ಚಿನ ಪಟ್ಟಿಯಲ್ಲಿ ಕೋಣೆಯ ಕೆಲಸಕ್ಕೆ ಸ್ಪೀಕರಿನಷ್ಟೇ ದುಡ್ಡು ತೆಗೆದಿಡದಿದ್ದರೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ.

2. ದೊಡ್ಡ ಸ್ಪೀಕರ್ ಇರುವುದು ಅಬ್ಬರಕ್ಕಲ್ಲ

ಕಿಸ್ಸಾಗಳ ಫೋಟೋ ನೋಡಿದವರಿಗೆ ಬೀರುವಿನಷ್ಟು ದೊಡ್ಡ ಸ್ಪೀಕರುಗಳು ಕಣ್ಣಿಗೆ ಬೀಳುತ್ತವೆ. ಆಲ್ಟೆಕ್, ಜೆಬಿಎಲ್, ಕ್ಲಿಪ್ಷ್. ಇವುಗಳಲ್ಲಿ ಅನೇಕವು ಸಿನಿಮಾ ಮಂದಿರಕ್ಕೆಂದು ಮಾಡಿದವು, ಇಲ್ಲವೇ ಅದೇ ತತ್ವದ ಮೇಲೆ ಮನೆಗೆ ಮಾಡಿದವು. ಹಾರ್ನ್ ಇರುವ ಇಂಥ ಸ್ಪೀಕರ್ ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ 101 ಡೆಸಿಬೆಲ್ ಕೊಡುತ್ತದೆ ಎಂದುಕೊಳ್ಳಿ. ಮನೆಯ ಸಣ್ಣ ಸ್ಪೀಕರ್ 86ರ ಆಸುಪಾಸು. ಪ್ರತಿ 3 ಡೆಸಿಬೆಲ್ಲಿಗೂ ಶಕ್ತಿ ಎರಡರಷ್ಟು ಬೇಕು, ಹಾಗಾಗಿ ಆ 15 ಡೆಸಿಬೆಲ್ಲಿನ ಅಂತರ ತುಂಬಲು ಸಣ್ಣ ಸ್ಪೀಕರಿಗೆ 32 ಪಟ್ಟು ಶಕ್ತಿ ಬೇಕು. ದೊಡ್ಡದು ಉಸಿರಾಡುವಷ್ಟು ಸಲೀಸಾಗಿ ಮಾಡುವುದನ್ನು ಸಣ್ಣದು ಏದುಸಿರು ಬಿಟ್ಟು ಮಾಡುತ್ತದೆ. ಮೆಲ್ಲಗೆ ಹಾಕಿದಾಗಲೂ ಮೃದಂಗದ ಚಾಪು ಚಾಪಾಗಿಯೇ, ಡ್ರಮ್ಮಿನ ಏಟು ಏಟಾಗಿಯೇ ಕೇಳುವುದು ಇದರಿಂದ. ದೊಡ್ಡ ಸ್ಪೀಕರಿಗೆ ಪುಟ್ಟ ವಾಲ್ವ್ ಆಂಪ್ ಜೋಡಿಸುವ ಜಪಾನೀಯರ ಅಭ್ಯಾಸಕ್ಕೂ ಕಾರಣ ಇದೇ.

ಪಾಲ್ ಕ್ಲಿಪ್ಷ್ 1946ರಲ್ಲಿ ತಂದ ಕ್ಲಿಪ್ಷ್‌ಹಾರ್ನ್ ಎಂಬ ಸ್ಪೀಕರನ್ನು ಮೂಲೆಯಲ್ಲೇ ಇಡಬೇಕು. ಎರಡು ಗೋಡೆಗಳನ್ನೇ ಅದು ತನ್ನ ಹಾರ್ನಿನ ಮುಂದುವರಿಕೆಯಾಗಿ ಬಳಸಿಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ 1970ರಿಂದ ತನ್ನ ಮನೆಯಲ್ಲೇ ‘ಲಾಫ್ಟ್’ ಎಂಬ ಕೂಟಗಳನ್ನು ನಡೆಸಿದ ಡೇವಿಡ್ ಮಂಕೂಸೊ ನೆಚ್ಚಿಕೊಂಡದ್ದು ಇದನ್ನೇ. 2013ರಲ್ಲಿ ಲಂಡನ್ನಿನಲ್ಲಿ ತೆರೆದ ‘ಬ್ರಿಲಿಯಂಟ್ ಕಾರ್ನರ್ಸ್’ ಕೂಡ ಇದನ್ನೇ ಕೂರಿಸಿತು. (ಆ ಹೆಸರು ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನ ಒಂದು ಆಲ್ಬಮ್ಮಿನದು, ಮೂಲೆಯ ಸ್ಪೀಕರಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.)

ನಮ್ಮಲ್ಲಿ ಒಂದೊಂದೇ ಹಳೆಯ ಟಾಕೀಸು ಮುಚ್ಚಿ ಕಾಂಪ್ಲೆಕ್ಸ್ ಎದ್ದಾಗ ಪರದೆಯ ಹಿಂದಿದ್ದ ಹಾರ್ನುಗಳು ಗುಜರಿಗೆ ಹೋದವು. ತಗಡಿನ ತೂಕಕ್ಕೆ ಮಾರಾಟವಾದವು. ಈಗ ಅಂಥವನ್ನೇ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ. ನಿಮ್ಮೂರಿನಲ್ಲಿ ಟಾಕೀಸು ಕೆಡವುತ್ತಿದ್ದರೆ ಒಂದು ಮಾತು ಕೇಳಿ ನೋಡಿ.

3. ಹರ್ಟ್ಸ್ ನೋಡದೆ ಪ್ಲಗ್ ಹಾಕಬೇಡಿ

ಜಪಾನಿನಿಂದ ಸಾಮಾನು ತರಿಸುವವರು ಬೆಲೆ ನೋಡುತ್ತಾರೆ, ಫೋಟೋ ನೋಡುತ್ತಾರೆ, ಹಿಂದುಗಡೆಯ ಪುಟ್ಟ ಲೇಬಲ್ಲನ್ನು ನೋಡುವುದಿಲ್ಲ. ಅಲ್ಲಿನ ಕರೆಂಟು 100 ವೋಲ್ಟ್. ನಮ್ಮದು 230. ನೇರವಾಗಿ ಪ್ಲಗ್ ಹಾಕಿದರೆ ಹೊಗೆ. ಇದು ಬಹಳ ಜನಕ್ಕೆ ಗೊತ್ತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ಬೇಕಾದ ಅಳತೆಗೆ ಸುತ್ತಿಕೊಡುವವರು ಸಿಗುತ್ತಾರೆ.

ಗೊತ್ತಿಲ್ಲದಿರುವುದು ಇನ್ನೊಂದು. ಜಪಾನಿನಲ್ಲಿ ಕರೆಂಟು ಎರಡು ಬಗೆ. ಟೋಕಿಯೋ ಇರುವ ಪೂರ್ವ ಭಾಗದಲ್ಲಿ 50 ಹರ್ಟ್ಸ್, ಒಸಾಕಾ ಇರುವ ಪಶ್ಚಿಮದಲ್ಲಿ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ್ದು ತರಿಸಿದರು. ಆ ಭೇದ ಇವತ್ತಿಗೂ ಹಾಗೇ ಉಳಿದಿದೆ. ಹಳೆಯ ಟರ್ನ್‌ಟೇಬಲ್ಲುಗಳ ಎಸಿ ಮೋಟಾರು ಕರೆಂಟಿನ ಹರ್ಟ್ಸಿಗೆ ತಕ್ಕಂತೆ ತಿರುಗುತ್ತದೆ. ಒಸಾಕಾದ ಅಂಗಡಿಯಿಂದ 60 ಹರ್ಟ್ಸಿನದು ತಂದು ನಮ್ಮ 50ಕ್ಕೆ ಹಾಕಿದರೆ ನಿಮಿಷಕ್ಕೆ 33⅓ ಸುತ್ತು ಸುತ್ತಬೇಕಾದ ರೆಕಾರ್ಡು 28ಕ್ಕೂ ಕಡಿಮೆ ಸುತ್ತುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಶ್ರುತಿ ಆರಕ್ಕೆ ಐದರಂತೆ ಕೆಳಗಿಳಿಯುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ ಕೋಮಲ ಗಾಂಧಾರ ಬಂದು ಷಡ್ಜದ ಜಾಗದಲ್ಲಿ ಕೂರುತ್ತದೆ. ಒಂದು ಕಡೆ ಹೀಗೇ ವಾರಗಟ್ಟಲೆ ನಡೆದಿತ್ತು. ಗಾಯಕಿಯ ದನಿ ಗಂಡಸಿನ ದನಿಯಾಗಿದ್ದರೂ ಗಿರಾಕಿಗಳು ‘ವಿಂಟೇಜ್ ಸೌಂಡು, ಅದಕ್ಕೇ ಇಷ್ಟು ನಿಧಾನ’ ಎಂದು ತಲೆದೂಗುತ್ತಿದ್ದರಂತೆ!

ಮೋಟಾರಿನ ಪುಲ್ಲಿ ಬದಲಿಸಿದರೆ ಸರಿಹೋಗುತ್ತದೆ, ಆದರೆ ಆ ಪುಲ್ಲಿ ಸಿಗಬೇಕು. ಕ್ವಾರ್ಟ್ಸ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ಲಿಗೆ ಈ ತೊಂದರೆ ಇಲ್ಲ. ಟೆಕ್ನಿಕ್ಸ್ 1979ರಲ್ಲಿ ತಂದ ಎಸ್‌ಎಲ್-1200 ಎಂಕೆ2 ಇವತ್ತಿಗೂ ಬಾರಿನ ಕೆಲಸಕ್ಕೆ ಕತ್ತೆಯ ಹಾಗೆ ದುಡಿಯುತ್ತದೆ. ನೋಡುವುದಕ್ಕೆ ಹಳೆಯ ಗ್ಯಾರರ್ಡ್ 301 ಚೆಂದ, ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ನನ್ನ ಆಸೆಯೂ ಅದೇ. ಬಾರಿನಲ್ಲಿ, ಅದೂ ಕರೆಂಟು ಹೋಗಿ ಜನರೇಟರಿಗೆ ಬದಲಾಗುವಾಗ ಹರ್ಟ್ಸ್ ಅಲ್ಲಾಡುವ ಊರಿನಲ್ಲಿ, ನನ್ನ ಮತ ಟೆಕ್ನಿಕ್ಸಿಗೆ.

ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ 50 ಹರ್ಟ್ಸಿನ ಗುಂಯ್ ಸದ್ದು ತಪ್ಪುವುದಿಲ್ಲ. ಆಡಿಯೋ ಸಾಮಾನಿಗೆ ಒಂದು ಲೈನು, ಫ್ರಿಜ್ಜು, ಎ.ಸಿ., ಬೆಳಕಿಗೆ ಬೇರೆ ಲೈನು. ಬೆಳಕಿನ ಡಿಮ್ಮರು ಅಗ್ಗದ್ದಾದರೆ ಅದರ ಗುಜುಗುಜು ಸ್ಪೀಕರಿನಲ್ಲೇ ಕೇಳಿಸುತ್ತದೆ. ಇದನ್ನೆಲ್ಲ ಗೋಡೆಗೆ ಪ್ಲಾಸ್ಟರು ಹಾಕುವ ಮುಂಚೆ ಹೇಳಬೇಕು.

4. ಒಂದು ಮಗ್ಗುಲು ಪೂರ್ತಿ ಮುಗಿಯಲಿ

ಎಲ್‌ಪಿ 1948ರಲ್ಲಿ ಬಂತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ, ಒಂದೆರಡು ಹೆಚ್ಚು ಕಡಿಮೆ. ಅದಕ್ಕೆ ಮೊದಲಿನ, ನಿಮಿಷಕ್ಕೆ 78 ಸುತ್ತು ಸುತ್ತುವ ರೆಕಾರ್ಡಿಗೆ ಮೂರೂವರೆ ನಿಮಿಷ. ಗಾಯಕಿ ಗೌಹರ್ ಜಾನ್ ಮೂರು ನಿಮಿಷದಲ್ಲಿ ರಾಗ ತೋರಿಸಿ, ಕೊನೆಗೆ ತನ್ನ ಹೆಸರೂ ಹೇಳಿ ಮುಗಿಸುತ್ತಿದ್ದದ್ದು ಆ ಒತ್ತಡದಲ್ಲೇ. ಆಕೆ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ. ಎಲ್‌ಪಿ ಬಂದ ಮೇಲೆ ಹಿಂದುಸ್ತಾನಿ ಗಾಯಕರಿಗೆ ವಿಲಂಬಿತ್ ಹಾಡಲು ಜಾಗ ಸಿಕ್ಕಿತು.

ಕಿಸ್ಸಾದಲ್ಲಿ ರೆಕಾರ್ಡು ಹಾಕಿದರೆ ಆ ಮಗ್ಗುಲು ಮುಗಿಯುವವರೆಗೂ ತೆಗೆಯುವುದಿಲ್ಲ. ಕವರನ್ನು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲೆ ನಿಲ್ಲಿಸುತ್ತಾರೆ. ಗಿರಾಕಿಯೊಬ್ಬ ಬೇಡಿಕೆ ಇಟ್ಟರೂ ಸಿಗುವುದು ಒಂದು ಮಗ್ಗುಲು. ಮಂಕೂಸೊ ಕೂಡ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸುತ್ತಿದ್ದ, ಒಂದರೊಳಗೊಂದು ಬೆರೆಸುವ ಡಿಜೆ ಕೈಚಳಕ ಬೇಡವೆಂದು ಕೊನೆಗೆ ಬಿಟ್ಟೇಬಿಟ್ಟ. ಲಯನ್‌ನಲ್ಲಿ ದಿನದ ಕಾರ್ಯಕ್ರಮದ ಪಟ್ಟಿಯನ್ನೇ ಅಚ್ಚು ಹಾಕಿ ಕೊಡುತ್ತಾರೆ, ಕಛೇರಿಗೆ ಕೊಟ್ಟ ಹಾಗೆ.

ನಮ್ಮ ಬಾರುಗಳಲ್ಲಿ ಇದೇ ಕಷ್ಟದ ಪಾಠ. ಎರಡನೇ ಹಾಡಿಗೇ ಯಾರಾದರೂ ಫೋನು ಹಿಡಿದು ಬರುತ್ತಾರೆ. ‘ಅಣ್ಣಾ, ಇದೊಂದು ಹಾಕಿ.’ ಹಾಕಿದಿರೋ, ಮುಂದಿನ ಮೇಜಿನವರೂ ಬರುತ್ತಾರೆ, ಹತ್ತು ಗಂಟೆಗೆ ನಿಮ್ಮದು ಇನ್ನೊಂದು ಪಬ್ಬು. ‘ಈ ಸೈಡ್ ಮುಗೀಲಿ, ಆಮೇಲೆ ನೋಡೋಣ’ ಎಂದು ನಗುತ್ತಲೇ ಹೇಳಲು ಬರುವವರನ್ನು ಟರ್ನ್‌ಟೇಬಲ್ ಹತ್ತಿರ ನಿಲ್ಲಿಸಿ.

5. ‘ಮೌನ’ ಎಂಬ ಬೋರ್ಡು ಕೆಲಸ ಮಾಡುವುದಿಲ್ಲ

ಲಯನ್‌ನಲ್ಲಿ ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಕುರ್ಚಿಗಳೆಲ್ಲ ಒಂದೇ ದಿಕ್ಕಿಗೆ, ಸ್ಪೀಕರಿನ ಕಡೆಗೆ. ಅರವತ್ತರ ದಶಕದ ಜಾಝ್ ಕಿಸ್ಸಾಗಳಲ್ಲೂ ಮಾತಾಡಿದರೆ ಯಜಮಾನ ಬಂದು ಗದರುತ್ತಿದ್ದ. ಈಗಿನ ಬಹಳಷ್ಟು ಕಡೆ ಅಷ್ಟು ಬಿಗಿಯಿಲ್ಲ, ಮೆಲ್ಲಗೆ ಮಾತಾಡಬಹುದು. ನಮ್ಮ ಜನಕ್ಕೆ ಬಾಯಿ ಮುಚ್ಚಿ ಕೂರಿ ಎಂದರೆ ಬಿಲ್ಲು ಕೊಟ್ಟು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಹೋಗಲಿ ಎನ್ನುವ ತಾಕತ್ತು ಎಷ್ಟು ಮಾಲೀಕರಿಗಿದೆ?

ಬೋರ್ಡಿಗಿಂತ ಕುರ್ಚಿ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರುಬದುರು ನಾಲ್ಕು ಜನರ ಮೇಜು ಹಾಕಿದರೆ ಹರಟೆ ಹುಟ್ಟದೆ ಇರದು. ಅಕ್ಕಪಕ್ಕ ಇಬ್ಬರು, ಇಬ್ಬರೂ ಸ್ಪೀಕರಿಗೆ ಮುಖಮಾಡಿ. ಮಾತು ತಾನಾಗಿ ತಗ್ಗುತ್ತದೆ. ಹತ್ತು ಜನರ ಬರ್ತ್‌ಡೇ ಬುಕಿಂಗ್ ತೆಗೆದುಕೊಳ್ಳಬೇಡಿ. ಮಾತಾಡಲೇಬೇಕು ಅನ್ನುವವರಿಗೆ ಹೊರಗೆ ಒಂದು ಜಗಲಿ ಇರಲಿ.

ಇನ್ನು ವಾಲ್ಯೂಮಿನ ವಿಷಯ. ಗದ್ದಲ ಹೆಚ್ಚಾದಷ್ಟೂ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಗುರುತಿಸಿದ, ಅವನ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಬಾರಿನಲ್ಲಿ ಆಗುವುದು ಇಷ್ಟು: ಜನ ಮಾತಾಡುತ್ತಾರೆ, ಹಾಡು ಕೇಳುತ್ತಿಲ್ಲ ಎಂದು ಹುಡುಗ ವಾಲ್ಯೂಮ್ ಏರಿಸುತ್ತಾನೆ, ಜನ ಇನ್ನೂ ಜೋರಾಗಿ ಮಾತಾಡುತ್ತಾರೆ. ಹನ್ನೊಂದು ಗಂಟೆಗೆ ಎಲ್ಲರೂ ಕಿರುಚುತ್ತಿರುತ್ತಾರೆ. ಮಾತು ತಗ್ಗಬೇಕಾದರೆ ವಾಲ್ಯೂಮನ್ನು ಎರಡು ಗೀಟು ಇಳಿಸಿ ನೋಡಿ. ಸೂರಿನಲ್ಲಿ ಶಬ್ದ ಹೀರುವ ಹಲಗೆ ಇದ್ದರೆ ಐದು ನಿಮಿಷದಲ್ಲಿ ಕೋಣೆ ತಣ್ಣಗಾಗುತ್ತದೆ. ಕೂತವರ ಕಿವಿಯ ಹತ್ತಿರ 75ರಿಂದ 80 ಡೆಸಿಬೆಲ್ ನನ್ನ ಲೆಕ್ಕ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ 85 ದಾಟಬಾರದು ಎಂಬುದು ಕಿವಿವೈದ್ಯರ ಮಿತಿ. ಗಿರಾಕಿ ಎರಡು ಗಂಟೆ ಕೂತು ಹೋಗುತ್ತಾನೆ, ನಿಮ್ಮ ಹುಡುಗರು ಎಂಟು ಗಂಟೆ ಅಲ್ಲೇ ನಿಂತಿರುತ್ತಾರೆ. ಅವರ ಕಿವಿಯೂ ಕಿವಿಯೇ.

‘ಸ್ವಲ್ಪ ಬಾಸ್ ಜಾಸ್ತಿ ಮಾಡಿ ಸಾರ್, ಜನಕ್ಕೆ ಪಂಚ್ ಬೇಕು’ ಎಂದು ಕೇಳದ ಮಾಲೀಕರನ್ನು ನಾನಿನ್ನೂ ನೋಡಿಲ್ಲ.

6. ಮಿಕ್ಸಿ, ಶೇಕರ್, ಎ.ಸಿ.

ಲಕ್ಷಗಟ್ಟಲೆ ಸುರಿದು ಸೌಂಡ್ ಕೂರಿಸಿ, ಕೌಂಟರಿನ ಹಿಂದೆ ಮಿಕ್ಸಿಯಲ್ಲಿ ಐಸ್ ಪುಡಿಮಾಡುವುದನ್ನು ನೋಡಿದರೆ ಅಳು ಬರುತ್ತದೆ. ಶೇಕರಿನ ಕಾಕ್‌ಟೇಲ್ ಬಿಟ್ಟು ಚಮಚದಲ್ಲಿ ಕಲಸುವಂಥವು ಇರಲಿ. ವಿಸ್ಕಿಗೆ ಸೋಡಾ ಬೆರೆಸಿದ ಹೈಬಾಲ್ ಜಪಾನಿನಲ್ಲಿ ಅಷ್ಟು ಓಡುವುದು ಸುಮ್ಮನೆ ಅಲ್ಲ. ಎ.ಸಿ. ಗಾಳಿ ಬರುವ ಡಕ್ಟು ಅಗಲವಾಗಿದ್ದರೆ ಸದ್ದು ಕಡಿಮೆ. ಅಡಿಗೆಮನೆಗೆ ಎರಡು ಬಾಗಿಲು. ಪಾಪ್‌ಕಾರ್ನ್, ಚಿಪ್ಸು ಬೇಡ, ಮೆತ್ತಗಿನದು ಏನಾದರೂ ಕೊಡಿ.

7. ಮುಳ್ಳು, ಧೂಳು, ಬೂಸ್ಟು

ವಜ್ರದ ಮುಳ್ಳಿಗೂ ಆಯಸ್ಸಿದೆ. 500ರಿಂದ 1000 ಗಂಟೆ. ದಿನಕ್ಕೆ ಆರು ಗಂಟೆ ನುಡಿಸುವ ಬಾರಿನಲ್ಲಿ ತಿಂಗಳಿಗೆ 180 ಗಂಟೆಯಾಯಿತು; ಮೂರರಿಂದ ಐದು ತಿಂಗಳಿಗೆ ಬದಲಿಸಬೇಕು. ಸವೆದ ಮುಳ್ಳು ತಾನು ಕೆಡುವುದಲ್ಲದೆ ಮತ್ತೆಂದೂ ಸಿಗದ ರೆಕಾರ್ಡನ್ನೂ ಕೆರೆದುಹಾಕುತ್ತದೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ಡೆನಾನ್ 1964ರಲ್ಲಿ ಸಿದ್ಧಪಡಿಸಿದ ಡಿಎಲ್-103 ಎಂಬ ಕಾರ್ಟ್ರಿಜ್ಜು ಇನ್ನೂ ತಯಾರಾಗುತ್ತಿದೆ. ದುಡಿಮೆಗೆ ಹುಟ್ಟಿದ ಸಾಮಾನೆಂದರೆ ಅದು.

78ರ ರೆಕಾರ್ಡಿಗೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳಿನ ತುದಿ 18 ಮೈಕ್ರಾನಿನಷ್ಟಿದ್ದರೆ 78ರದು ಅದರ ನಾಲ್ಕು ಪಟ್ಟು ದಪ್ಪ. ತೊಳೆಯುವ ವಿಧಾನವೂ ಬೇರೆ. ಎಲ್‌ಪಿ ತೊಳೆಯುವ ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತದೆ. 78 ಆಗಿರುವುದು ಅರಗಿನಿಂದ, ಆಲ್ಕೋಹಾಲಿಗೆ ಅರಗು ಕರಗುತ್ತದೆ. ಅಜ್ಜನ ಕಾಲದ ಪ್ಲೇಟನ್ನು ಒರೆಸಿ ಹಾಳುಮಾಡಿದವರಿದ್ದಾರೆ. ನೀರು, ಒಂದು ಹನಿ ಸೌಮ್ಯವಾದ ಸೋಪು, ಮೆತ್ತನೆ ಬಟ್ಟೆ, ಅಷ್ಟು ಸಾಕು.

ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ನಾಲ್ಕು ತಿಂಗಳಲ್ಲಿ ಕವರಿಗೂ ರೆಕಾರ್ಡಿಗೂ ಬೂಸ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಮಲಗಿಸಿ ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಟರ್ನ್‌ಟೇಬಲ್ಲನ್ನು ಮರದ ನೆಲದ ಮೇಲೆ ಇಡುವ ಬದಲು ಗಟ್ಟಿ ಗೋಡೆಗೆ ಹೊಡೆದ ಹಲಗೆಯ ಮೇಲೆ ಕೂರಿಸಿ, ಯಾರೋ ಕುಣಿದರೆ ಮುಳ್ಳು ಹಾರಬಾರದು.

8. ಕ್ಯಾಸೆಟ್ಟನ್ನು ಕೀಳಾಗಿ ಕಾಣಬೇಡಿ

ನಮ್ಮ ಕಡೆ ಈ ಬಾರುಗಳನ್ನು ತೆರೆಯುವವರಿಗೆ ವಿನೈಲ್ ಒಂದೇ ಮಡಿ. ಕಪಾಟಿನಲ್ಲಿ ಜಾಝ್ ಇರುತ್ತದೆ, ಬ್ರೆಜಿಲ್ ಇರುತ್ತದೆ, ಜಪಾನಿನ ಎಂಬತ್ತರ ದಶಕದ ಪಾಪ್ ಇರುತ್ತದೆ. ಕನ್ನಡ ಕೇಳಿದರೆ ಎರಡು ಸಿನಿಮಾ ಎಲ್‌ಪಿ. ವಿನೈಲ್ ಮಾತ್ರ ಎಂಬ ವ್ರತ ಹಿಡಿದರೆ ಕನ್ನಡಿಗರು ಮನೆಮನೆಯಲ್ಲಿ ಕೇಳಿ ಬೆಳೆದ ಸಂಗೀತದ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಭಾವಗೀತೆ ಹಬ್ಬಿದ್ದು ಕ್ಯಾಸೆಟ್ಟಿನಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಅದರ ಹಿಂದೆ ಅಶ್ವತ್ಥ್, ರತ್ನಮಾಲಾ ಪ್ರಕಾಶ್ ಎಲ್ಲರೂ ಕ್ಯಾಸೆಟ್ಟಿನಲ್ಲೇ ಮನೆಗಳಿಗೆ ಬಂದರು. ಬೆಂಗಳೂರಿನ ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ಬು 1989ರಲ್ಲಿ ಶುರುವಾದಾಗ ರಾಕ್ ಸಂಗೀತ ಕೇಳಿಸುತ್ತಿದ್ದದ್ದೂ ಕ್ಯಾಸೆಟ್ಟುಗಳಲ್ಲೇ. ಒಂದಿಡೀ ತಲೆಮಾರು ಅಲ್ಲಿ ಬಿಯರ್ ಕುಡಿಯುತ್ತ ಕಿವಿ ತಿದ್ದಿಕೊಂಡಿತು. ಯಾರೂ ಅದನ್ನು ಲಿಸನಿಂಗ್ ಬಾರ್ ಎಂದು ಕರೆಯಲಿಲ್ಲ.

ಒಂದು ಒಳ್ಳೆಯ ಕ್ಯಾಸೆಟ್ ಡೆಕ್ ಇಡಿ. ಹೆಡ್ಡು ಶುಚಿಯಾಗಿ, ಅದರ ಕೋನ ಸರಿಯಾಗಿ ಇದ್ದರೆ ಕ್ಯಾಸೆಟ್ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ನೀವೇ ಬೆರಗಾಗುತ್ತೀರಿ. 78 ನುಡಿಸುವ ವ್ಯವಸ್ಥೆಯೂ ಇರಲಿ. ಕಾಳಿಂಗರಾಯರು, ಮಲ್ಲಿಕಾರ್ಜುನ ಮನ್ಸೂರರು, ಪಿಟೀಲು ಚೌಡಯ್ಯನವರು ಅದರಲ್ಲಿದ್ದಾರೆ. ಹಳೆಯ ಪ್ಲೇಟು ಹುಡುಕುವಾಗ ಒಂದು ಸೂಕ್ಷ್ಮ: ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳ ಲೇಬಲ್ಲಿನಲ್ಲಿ ಗಾಂಧಾರಿ ಎಂಬ ಹೆಸರಿರುತ್ತದೆ. ಮಾರುವವನಿಗೆ ಅದು ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರಲಿ.

9. ಯಜಮಾನ ಅಂಗಡಿಯಲ್ಲೇ ಇರಬೇಕು

ಇವಾತೆ ಪ್ರಾಂತ್ಯದ ಇಚಿನೊಸೆಕಿ ಎಂಬ ಚಿಕ್ಕ ಊರಿನಲ್ಲಿ ‘ಬೇಸಿ’ ಎಂಬ ಜಾಝ್ ಕಿಸ್ಸಾ ಇದೆ. ಶೋಜಿ ಸುಗವಾರ 1970ರಲ್ಲಿ ಅದನ್ನು ತೆರೆದರು. ಅವರೇ ಹಿಂದೆ ಡ್ರಮ್ ನುಡಿಸುತ್ತಿದ್ದವರು. ಜೆಬಿಎಲ್ ಸ್ಪೀಕರುಗಳನ್ನು ದಶಕಗಟ್ಟಲೆ ತಿದ್ದಿ ತೀಡಿ, ತಾವೇ ರೆಕಾರ್ಡು ಹಾಕುತ್ತ ಬಂದರು. ಯಾರ ಹೆಸರಿಟ್ಟಿದ್ದರೋ ಆ ಅಮೆರಿಕದ ಜಾಝ್ ದಿಗ್ಗಜ ಕೌಂಟ್ ಬೇಸಿಯೇ ಅಲ್ಲಿಗೆ ಬಂದು ಹೋದ. ಸಾಮಾನು ಯಾರು ಬೇಕಾದರೂ ಕೊಳ್ಳಬಹುದು, ಜನ ರೈಲು ಹತ್ತಿ ಹೋಗುವುದು ಆತ ಏನು ಹಾಕುತ್ತಾನೆ ಎಂದು ಕೇಳಲು. ಕಾದಂಬರಿಕಾರ ಹರುಕಿ ಮುರಕಾಮಿ 1974ರಲ್ಲಿ ‘ಪೀಟರ್ ಕ್ಯಾಟ್’ ಎಂಬ ಜಾಝ್ ಬಾರು ತೆರೆದು, ಬರವಣಿಗೆ ಹೆಚ್ಚಾದ ಮೇಲೆ 1981ರಲ್ಲಿ ಮಾರಿದರು. ಬೇರೆಯವರ ಕೈಗೆ ಬಿಟ್ಟು ನಡೆಸುವ ಗೋಜಿಗೆ ಹೋಗಲಿಲ್ಲ. ಅದು ಸರಿಯಾದ ನಿರ್ಧಾರ.

ಯಜಮಾನ ಇದ್ದರಷ್ಟೇ ಸಾಲದು, ಬಾಗಿಲೂ ತೆರೆದಿರಬೇಕು. ಮೈಸೂರಿನ ಒಡೆಯರ ಕಥೆ ನೋಡಿ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ರಷ್ಯಾದ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳು ಎಚ್‌ಎಂವಿಯಲ್ಲಿ ಮುದ್ರಣವಾಗಲು ಅವರೇ ದುಡ್ಡು ಕೊಟ್ಟರು. ಹೆಸರಾಂತ ರೆಕಾರ್ಡು ನಿರ್ಮಾಪಕ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದಾಗ ಅರಮನೆಯ ರೆಕಾರ್ಡು ಭಂಡಾರ, ಬಗೆಬಗೆಯ ಲೌಡ್‌ಸ್ಪೀಕರುಗಳನ್ನು ಕಂಡು ದಂಗಾದ. ಜಗತ್ತಿನಲ್ಲೇ ಅಪರೂಪದ ಆ ಕೇಳುವ ಕೋಣೆಗೆ ಊರಿನ ಕಾಲೇಜು ಹುಡುಗನೊಬ್ಬ ಎರಡಾಣೆ ಕೊಟ್ಟು ಹೋಗುವಂತಿರಲಿಲ್ಲ. ಯೊಕೊಹಾಮಾದ ಹುಡುಗ ಚಿಗುಸಾಕ್ಕೆ ಹೋಗಬಹುದಿತ್ತು. ಜಪಾನಿನಲ್ಲಿ ಸಂಗೀತಗಾರರ ಒಂದು ಪೀಳಿಗೆಯೇ ಈ ಅಂಗಡಿಗಳಲ್ಲಿ ತಯಾರಾದದ್ದು ಹೀಗೆ.

10. ಲೆಕ್ಕ

ರೆಕಾರ್ಡು ಕೊಂಡರೆ ಅದನ್ನು ಸಾರ್ವಜನಿಕವಾಗಿ ನುಡಿಸುವ ಹಕ್ಕು ಬಂದಂತಲ್ಲ. ಧ್ವನಿಮುದ್ರಣಕ್ಕೆ ಪಿಪಿಎಲ್, ಸಾಹಿತ್ಯ ಮತ್ತು ಸಂಗೀತ ರಚನೆಗೆ ಐಪಿಆರ್‌ಎಸ್. ಎರಡರ ಪರವಾನಗಿಯನ್ನೂ ವಿಚಾರಿಸಿ. ಮದ್ಯಕ್ಕೆ ಅಬಕಾರಿ ಇಲಾಖೆಯ ಸಿಎಲ್-9 ಲೈಸೆನ್ಸು ಬೇಕು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಿಮ್ಮ ಬಾಸ್ ಗೋಡೆ ದಾಟಿ ಪಕ್ಕದ ಮನೆಯ ಮಲಗುವ ಕೋಣೆಗೆ ಹೋದರೆ ರಾಕ್‌ವೂಲ್ ಹಲಗೆ ಉಳಿಸುವುದಿಲ್ಲ, ಅದಕ್ಕೆ ಜೋಡಿ ಗೋಡೆಯೇ ಬೇಕು. ಬಾಡಿಗೆ ಕರಾರು ಮಾಡುವ ಮೊದಲು ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ನೋಡಿ.

ಕೊನೆಗೆ ದುಡ್ಡು. ಕೇಳಲು ಬಂದವನು ನಿಧಾನಕ್ಕೆ ಕುಡಿಯುತ್ತಾನೆ. ಮೂವತ್ತು ಕುರ್ಚಿ, ಎರಡು ಗಂಟೆಗೆ ಒಂದು ಲೋಟ ಎಂದು ಲೆಕ್ಕ ಹಾಕಿ, ಇಂದಿರಾನಗರದ ಬಾಡಿಗೆಯನ್ನು ಅದರಿಂದ ಕಳೆಯಿರಿ. ಉಳಿಯುವುದಿಲ್ಲ. ಉಳಿಯಬೇಕೆಂದು ಕುರ್ಚಿ ಹೆಚ್ಚಿಸುತ್ತಾರೆ, ವಾಲ್ಯೂಮ್ ಹೆಚ್ಚಿಸುತ್ತಾರೆ, ಶುಕ್ರವಾರ ಡಿಜೆ ಕರೆಸುತ್ತಾರೆ. ವರ್ಷದೊಳಗೆ ರೆಕಾರ್ಡುಗಳು ಅಲಂಕಾರಕ್ಕೆ ಉಳಿಯುತ್ತವೆ.

ನನ್ನನ್ನು ಕೇಳಿದರೆ ನಮ್ಮಲ್ಲಿ ಇದು ಬಾರಾಗುವುದಕ್ಕಿಂತ ಕಾಫಿ ಅಂಗಡಿಯಾಗಿ ನಡೆಯುವುದು ಮೇಲು. ಅಬಕಾರಿ ಲೈಸೆನ್ಸಿನ ಖರ್ಚಿಲ್ಲ, ಹಗಲೂ ತೆರೆದಿರಬಹುದು, ವಿದ್ಯಾರ್ಥಿಗಳೂ ನಿವೃತ್ತರೂ ಹೆಂಗಸರೂ ಹಿಂಜರಿಯದೆ ಬರುತ್ತಾರೆ. ಧಾರವಾಡ, ಮೈಸೂರಿನಂಥ ಊರಿನಲ್ಲಿ ಬಾಡಿಗೆ ಕಡಿಮೆ, ಕೇಳುವ ಕಿವಿಗಳು ಹೆಚ್ಚು. ಅಲ್ಲಿ ಯಾರಾದರೂ ಚೌಕವಲ್ಲದ ಒಂದು ಕೋಣೆ ಹುಡುಕಿಟ್ಟಿದ್ದರೆ ಹೇಳಿ, ಸೌಂಡ್ ಕೂರಿಸಲು ನಾನು ಬರುತ್ತೇನೆ.